ಇಂದಿನ ಸಂಸ್ಕೃತಿ, ಹತ್ತಿರದ ಇತಿಹಾಸ: ಎಂ.ಎ. ಮಾಡಬೇಕು ಅಂದುಕೊಂಡವರು ಪದೇ ಪದೇ ಕೇಳುವ ಪ್ರಶ್ನೆಗಳು

ಡಿಗ್ರಿಯ ಕೊನೆಯ ಸೆಮಿಸ್ಟರ್ ಮುಗಿಯುವ ಹೊತ್ತಿಗೆ ಪ್ರತಿ ವರ್ಷ ನನಗೆ ಒಂದಷ್ಟು ಮೆಸೇಜು ಬರುತ್ತವೆ. ಶಿರಾದಿಂದ, ಸಿಂದಗಿಯಿಂದ, ಬೆಂಗಳೂರಿನ ಪಿ.ಜಿ. ರೂಮುಗಳಿಂದ. ಕೇಳುವವರು ಬೇರೆ ಬೇರೆ, ಪ್ರಶ್ನೆಗಳು ಹೆಚ್ಚುಕಮ್ಮಿ ಅವೇ. ಒಬ್ಬೊಬ್ಬರಿಗೂ ಫೋನಿನಲ್ಲಿ ಅರ್ಧರ್ಧ ಹೇಳುವ ಬದಲು ಒಂದೇ ಸಲ ಬರೆದಿಡೋಣ ಅನಿಸಿತು. ಈಗಿನ ಸಂಸ್ಕೃತಿಯನ್ನೂ ಈಚಿನ ಇತಿಹಾಸವನ್ನೂ ಹಲವು ಶಾಖೆಗಳನ್ನು ಬೆರೆಸಿ ಓದುವ ಅಂತರಶಿಸ್ತೀಯ ಎಂ.ಎ. ಬಗ್ಗೆ ಈ ಪ್ರಶ್ನೆಗಳು. ನಾನು ಬಿ.ಎಸ್ಸಿ. ಮಾಡಿ ಆಮೇಲೆ ಈ ಕಡೆ ಬಂದವಳು. ಎಂ.ಎ.ಯಲ್ಲಿ ಟೂರಿಂಗ್ ಟಾಕೀಸುಗಳ ಬಗ್ಗೆ ಕೆಲಸ ಮಾಡಿದೆ. ಹಾಗಾಗಿ ಉದಾಹರಣೆ ಕೊಡುವಾಗ ಸಿನಿಮಾ ಟೆಂಟು ಆಗಾಗ ಬರುತ್ತದೆ.

ಅಂತರಶಿಸ್ತೀಯ ಅಂತಾರಲ್ಲ, ಹಾಗಂದ್ರೆ ಏನು?

ಇಲ್ಲಿ ಶಿಸ್ತು ಅಂದರೆ ಓದಿನ ಒಂದು ಶಾಖೆ. ಇತಿಹಾಸ ಒಂದು, ಸಮಾಜಶಾಸ್ತ್ರ ಒಂದು, ಸಾಹಿತ್ಯ ಇನ್ನೊಂದು. ಮಾಮೂಲಿ ಎಂ.ಎ.ಯಲ್ಲಿ ನೀವು ಮೊದಲು ಶಾಖೆಗೆ ಸೇರುತ್ತೀರಿ, ಆಮೇಲೆ ಅಲ್ಲಿ ಕೇಳುವಂಥ ಪ್ರಶ್ನೆ ಕೇಳಲು ಕಲಿಯುತ್ತೀರಿ. ಇಲ್ಲಿ ಪ್ರಶ್ನೆ ಮೊದಲು ಬರುತ್ತದೆ. ಆ ಪ್ರಶ್ನೆಗೆ ಯಾವ ಶಾಖೆ ಕೆಲಸಕ್ಕೆ ಬರುತ್ತದೋ ಅದನ್ನು ಹೋಗಿ ಕಲಿತು ಬರಬೇಕು.

ನನ್ನದನ್ನೇ ಹೇಳುತ್ತೇನೆ. ನಮ್ಮೂರ ಟೆಂಟಿನಲ್ಲಿ ನೆಲ, ಬೆಂಚು, ಕುರ್ಚಿ ಅಂತ ಮೂರು ಟಿಕೆಟ್. ಹೆಂಗಸರು ಒಂದು ಕಡೆ, ಗಂಡಸರು ಒಂದು ಕಡೆ, ನಡುವೆ ಮೋಟುಗೋಡೆ. ಯಾರು ಎಲ್ಲಿ ಕೂತರು, ಯಾಕೆ? ಇಷ್ಟೇ ನನ್ನ ಪ್ರಶ್ನೆ. ಉತ್ತರ ಹುಡುಕಲು ಲೈಸೆನ್ಸಿನ ಕಾಗದ ನೋಡಬೇಕಾಯಿತು, ಅದು ಇತಿಹಾಸದ ಕೆಲಸ. ಆಪರೇಟರ್, ಗೇಟ್‌ಕೀಪರ್, ಕಡಲೆಕಾಯಿ ಮಾರುತ್ತಿದ್ದ ಅಜ್ಜಿ, ಇವರೆಲ್ಲರ ಹತ್ತಿರ ತಿಂಗಳುಗಟ್ಟಲೆ ಕೂತು ಮಾತಾಡಬೇಕಾಯಿತು, ಅದು ಮಾನವಶಾಸ್ತ್ರದವರ ಕೆಲಸ. ಆ ಕಾಲದ ಸಿನಿಮಾ ನೋಡಬೇಕಾಯಿತು. ಟಿಕೆಟ್ ದರಕ್ಕೂ ಆಗಿನ ಕೂಲಿಗೂ ತಾಳೆ ಹಾಕಬೇಕಾಯಿತು. ಇದರಲ್ಲಿ ಯಾವುದನ್ನು ಬಿಟ್ಟಿದ್ದರೂ ಉತ್ತರ ಕುಂಟುತ್ತಿತ್ತು.

ಇದು ಎಲ್ಲಿಂದ ಶುರುವಾಯಿತು?

ಈ ಓದಿಗೆ ಕಲ್ಚರಲ್ ಸ್ಟಡೀಸ್, ಅಂದರೆ ಸಂಸ್ಕೃತಿ ಅಧ್ಯಯನ, ಅನ್ನುವ ಹೆಸರು ಗಟ್ಟಿಯಾಗಿ ಕೇಳಿಬಂದಿದ್ದು ಇಂಗ್ಲೆಂಡಿನಲ್ಲಿ. 1964ರಲ್ಲಿ ಬರ್ಮಿಂಗ್‌ಹ್ಯಾಮ್ ವಿಶ್ವವಿದ್ಯಾಲಯದಲ್ಲಿ ರಿಚರ್ಡ್ ಹೊಗಾರ್ಟ್ ಒಂದು ಕೇಂದ್ರ ಶುರುಮಾಡಿದರು. ಅವರ ನಂತರ ಜಮೈಕಾದಿಂದ ಬಂದ ಸ್ಟುವರ್ಟ್ ಹಾಲ್ ಅದನ್ನು ನಡೆಸಿದರು. ಟಿವಿ, ಪೇಪರ್, ಹುಡುಗರ ಬಟ್ಟೆಬರೆ, ಕಾರ್ಮಿಕರ ಬಿಡುವಿನ ವೇಳೆ, ಇವೆಲ್ಲ ಗಂಭೀರವಾಗಿ ಓದಬೇಕಾದ ವಿಷಯ ಅಂತ ಅವರು ಹಟ ಹಿಡಿದರು. ಆ ಕೇಂದ್ರದಿಂದ ಬೆಳೆದ ವಿಭಾಗವನ್ನು 2002ರಲ್ಲಿ ಮುಚ್ಚಿಬಿಟ್ಟರು.

ನಮ್ಮಲ್ಲಿ ದಾರಿ ಬೇರೆ. 1982ರಲ್ಲಿ ಇತಿಹಾಸಕಾರ ರಣಜಿತ್ ಗುಹಾ ಮತ್ತು ಜೊತೆಗಾರರು ರೈತರು, ಆದಿವಾಸಿಗಳು, ಕೂಲಿಯವರನ್ನು ನಡುವೆ ಇಟ್ಟು ಇತಿಹಾಸ ಬರೆಯಲು ಹೊರಟರು. ಅದೇ ಸಬಾಲ್ಟರ್ನ್ ಅಧ್ಯಯನ. ಜೊತೆಗೆ ಮಹಿಳಾ ಚಳವಳಿ, ದಲಿತ ಚಳವಳಿ ಎತ್ತಿದ ಪ್ರಶ್ನೆಗಳು ಕ್ಲಾಸ್‌ರೂಮಿನ ಒಳಗೆ ಬಂದವು. ಬೆಂಗಳೂರಿನಲ್ಲಿ 1990ರ ದಶಕದಲ್ಲಿ ಶುರುವಾದ ಸೆಂಟರ್ ಫಾರ್ ದ ಸ್ಟಡಿ ಆಫ್ ಕಲ್ಚರ್ ಅಂಡ್ ಸೊಸೈಟಿ ಇಡೀ ದೇಶದಲ್ಲೇ ಈ ವಿಷಯಕ್ಕೆ ಹೆಸರಾಗಿತ್ತು. ತೇಜಸ್ವಿನಿ ನಿರಂಜನ, ಆಶಿಶ್ ರಾಜಾಧ್ಯಕ್ಷ, ವಿವೇಕ್ ಧಾರೇಶ್ವರ್, ಎಸ್.ವಿ. ಶ್ರೀನಿವಾಸ್ ಅಂಥವರು ಅಲ್ಲಿದ್ದರು. ಅಲ್ಲಿನ ಪಿಎಚ್.ಡಿ. ಕಾರ್ಯಕ್ರಮ ಈಗ ಇಲ್ಲ. ಕರ್ನಾಟಕಕ್ಕೆ ಅದು ದೊಡ್ಡ ನಷ್ಟ ಅಂತ ನಾನು ಗಟ್ಟಿಯಾಗಿ ನಂಬಿದ್ದೇನೆ.

ಇನ್ನೊಂದು ಮಾತು. ಈ ಥರದ ಯೋಚನೆ ಕನ್ನಡಕ್ಕೆ ವಿಶ್ವವಿದ್ಯಾಲಯದ ಬಾಗಿಲಿನಿಂದ ಮಾತ್ರ ಬಂದಿಲ್ಲ. ಕೆ.ವಿ. ಸುಬ್ಬಣ್ಣ ಹೆಗ್ಗೋಡಿನಲ್ಲಿ ಕಟ್ಟಿದ ನೀನಾಸಮ್ 1949ರಿಂದ ಇದೆ. ಒಂದು ಹಳ್ಳಿಯಲ್ಲಿ ನಾಟಕ, ಸಿನಿಮಾ, ಸಾಹಿತ್ಯ, ರಾಜಕೀಯವನ್ನು ಒಂದೇ ಚಾಪೆಯ ಮೇಲೆ ಕೂತು ಚರ್ಚೆ ಮಾಡಬಹುದು ಅಂತ ಅಲ್ಲಿನ ಸಂಸ್ಕೃತಿ ಶಿಬಿರ ತೋರಿಸಿಕೊಟ್ಟಿತು. ಡಿ.ಆರ್. ನಾಗರಾಜ್ ಕನ್ನಡ ವಿಮರ್ಶೆಯಿಂದಲೇ ಹೊರಟು ದಿಲ್ಲಿಯ ಸಿ.ಎಸ್.ಡಿ.ಎಸ್. ಸಂಶೋಧನಾ ಸಂಸ್ಥೆ, ಶಿಕಾಗೋ ವಿಶ್ವವಿದ್ಯಾಲಯದವರೆಗೂ ಹೋದವರು. ಹಾಗಾಗಿ ಇದನ್ನು ಹೊರಗಿನಿಂದ ಬಂದ ಸರಕು ಅಂತ ದೂರ ನಿಂತು ನೋಡಬೇಡಿ.

ಬರೀ ಇತಿಹಾಸದಲ್ಲಿ ಎಂ.ಎ. ಮಾಡಿದರೆ ಸಾಲದಾ?

ಸಾಕು, ಎಷ್ಟೋ ಜನಕ್ಕೆ ಅದೇ ಒಳ್ಳೆಯದು. ಶಾಸನ, ರಾಜವಂಶ, ಮಧ್ಯಯುಗ, ಇವುಗಳ ಮೇಲೆ ಮನಸ್ಸಿದ್ದರೆ ಇತಿಹಾಸ ವಿಭಾಗಕ್ಕೇ ಹೋಗಿ. ನಿಮ್ಮ ತಲೆ ಕೊರೆಯುತ್ತಿರುವುದು ಯಾವುದೋ ಒಂದು ಈಗಿನ ಸಂಗತಿ, ಅದರ ಬೇರು ಐವತ್ತು ಅರವತ್ತು ವರ್ಷ ಹಿಂದಕ್ಕೆ ಹೋಗುತ್ತದೆ ಅಂತ ನಿಮಗೆ ಅನಿಸುತ್ತಿದೆ ಅಂದರೆ ಮಾತ್ರ ಈ ಕಡೆ ಬನ್ನಿ.

ಒಂದು ಒಳ್ಳೆ ಉದಾಹರಣೆ ಕೊಡಿ. ಒಂದೇ ವಿಷಯವನ್ನು ನಾಲ್ಕಾರು ಕಡೆಯಿಂದ ನೋಡೋದು ಅಂದ್ರೆ ಹೇಗೆ?

ಕೋಲಾರದ ಚಿನ್ನದ ಗಣಿ ತಗೊಳ್ಳಿ. ಸಿನಿಮಾ ಬಂದ ಮೇಲೆ ಕೆ.ಜಿ.ಎಫ್. ಅಂದರೆ ಎಲ್ಲರ ಕಣ್ಣ ಮುಂದೆ ಒಂದೇ ಚಿತ್ರ ಬರುತ್ತದೆ. ಊರು ಹಾಗಿಲ್ಲ.

1880ರ ಹೊತ್ತಿಗೆ ಇಂಗ್ಲೆಂಡಿನ ಜಾನ್ ಟೇಲರ್ ಕಂಪನಿ ಅಲ್ಲಿಗೆ ಬಂತು. 1902ರಲ್ಲಿ ಶಿವನಸಮುದ್ರದಿಂದ ಸುಮಾರು 150 ಕಿ.ಮೀ. ದೂರ ತಂತಿ ಎಳೆದು ಗಣಿಗೆ ಕರೆಂಟ್ ಕೊಟ್ಟರು. ಬೆಂಗಳೂರಿನ ಬೀದಿಗೆ ದೀಪ ಬಂದಿದ್ದು 1905ರಲ್ಲಿ, ಅಂದರೆ ಅದಕ್ಕೂ ಆಮೇಲೆ. ರಾಜಧಾನಿಯಂಥ ಊರಿಗಿಂತ ಗಣಿಗೆ ಮೊದಲು ಬೆಳಕು ಯಾಕೆ? ತಂತ್ರಜ್ಞಾನದ ಇತಿಹಾಸ ಓದುವವರು ಇಲ್ಲಿಂದ ಶುರುಮಾಡುತ್ತಾರೆ.

ಕಾರ್ಮಿಕರ ಇತಿಹಾಸ ಓದುವವರು ಇನ್ನೊಂದು ಕಡೆಯಿಂದ ಬರುತ್ತಾರೆ. ಗಣಿಗೆ ಇಳಿದವರಲ್ಲಿ ಬಹಳ ಜನ ತಮಿಳು ಮಾತಾಡುವ ದಲಿತರು, ಆರ್ಕಾಟಿನ ಕಡೆಯಿಂದ ಬಂದವರು. 1930ರಲ್ಲಿ ಕಂಪನಿ ಬೆರಳಚ್ಚು ತಗೊಳ್ಳುತ್ತೇವೆ ಅಂದಾಗ ಅವರು ದೊಡ್ಡ ಮುಷ್ಕರ ಹೂಡಿದರು. ಬೆರಳಚ್ಚು ಯಾಕೆ ಅಷ್ಟು ಅವಮಾನ ಅನಿಸಿತು? ಇವತ್ತು ನಾವು ರೇಷನ್ ಅಂಗಡಿಯಲ್ಲಿ ಬೆರಳು ಒತ್ತುತ್ತೇವೆ, ಅಲ್ವಾ? ಆ ಪ್ರಶ್ನೆಯನ್ನೂ ಈ ಪ್ರಶ್ನೆಯನ್ನೂ ಪಕ್ಕಪಕ್ಕ ಇಟ್ಟು ನೋಡುವುದೇ ಈ ಓದಿನ ಕೆಲಸ.

ಆರೋಗ್ಯದ ಕಡೆಯಿಂದ ಬಂದರೆ ಸಿಲಿಕೋಸಿಸ್ ಇದೆ. ಕಲ್ಲಿನ ಪುಡಿ ಉಸಿರಿಗೆ ಸೇರಿ ಶ್ವಾಸಕೋಶ ಗಟ್ಟಿಯಾಗುವ ಕಾಯಿಲೆ. ಪರಿಸರದ ಕಡೆಯಿಂದ ಬಂದರೆ ಅದಿರು ತೊಳೆದು ಬಿಟ್ಟ ಸಯನೈಡ್ ದಿಬ್ಬಗಳಿವೆ, ಗಾಳಿ ಬೀಸಿದರೆ ಧೂಳು ಮನೆಯೊಳಗೆ ಬರುತ್ತದೆ, ಅದೇ ದಿಬ್ಬಗಳ ಮೇಲೆ ಸಿನಿಮಾ ಶೂಟಿಂಗೂ ಆಗುತ್ತದೆ. ವಿಜ್ಞಾನದ ಇತಿಹಾಸ ಬೇಕು ಅನ್ನುವವರಿಗೆ 1965 ಇದೆ. ಆ ವರ್ಷ ಗಣಿಯ ಆಳದಲ್ಲಿ ವಿಜ್ಞಾನಿಗಳು ವಾತಾವರಣದಿಂದ ಬರುವ ನ್ಯೂಟ್ರಿನೋ ಅನ್ನುವ ಅತಿಸೂಕ್ಷ್ಮ ಕಣಗಳನ್ನು ಗುರುತಿಸಿದರು. ಭೌತಶಾಸ್ತ್ರದ ಪುಸ್ತಕದಲ್ಲಿ ಆ ಪ್ರಯೋಗ ಇದೆ. ಆ ಉಪಕರಣಗಳನ್ನು ಅಷ್ಟು ಆಳಕ್ಕೆ ಇಳಿಸಲು ನೆರವಾದ ಕೆಲಸಗಾರರ ಮಾತು ಯಾವ ಪುಸ್ತಕದಲ್ಲಿದೆ ಅಂತ ಕೇಳಿ ನೋಡಿ.

2001ರ ಫೆಬ್ರವರಿ 28ಕ್ಕೆ ಗಣಿ ಮುಚ್ಚಿತು. ಆಮೇಲೆ ಸಾವಿರಾರು ಜನ ಬೆಳಗಿನ ರೈಲು ಹತ್ತಿ ಬೆಂಗಳೂರಿಗೆ ಕೆಲಸಕ್ಕೆ ಬಂದು ರಾತ್ರಿ ವಾಪಸ್ ಹೋಗುವುದು ಶುರುವಾಯಿತು. ಆ ರೈಲಿನ ಬೋಗಿಯಲ್ಲಿ ಕೂತು ಒಂದು ವರ್ಷ ಓಡಾಡಿದರೆ ಒಂದು ಪೂರ್ತಿ ಎಂ.ಎ. ಪ್ರಬಂಧ ಆಗುತ್ತದೆ. ಇದನ್ನು ಸುಮ್ನೆ ಹೇಳುತ್ತಿಲ್ಲ, ಯಾರಾದರೂ ಮಾಡಲಿ ಅಂತಲೇ ಹೇಳುತ್ತಿದ್ದೇನೆ.

ಸಮಕಾಲೀನ ಅಂದ್ರೆ ಯಾವ ವರ್ಷದಿಂದ?

ಗೆರೆ ಹಾಕಿಟ್ಟ ವರ್ಷ ಇಲ್ಲ. ನೀವು ಕೇಳುವ ಪ್ರಶ್ನೆಯೇ ವರ್ಷ ಆರಿಸಿಕೊಡುತ್ತದೆ. ಭೂಮಿಯ ಬಗ್ಗೆ ಕೇಳಿದರೆ ದೇವರಾಜ ಅರಸು ಕಾಲದ ಭೂಸುಧಾರಣಾ ಕಾಯ್ದೆಯ ತಿದ್ದುಪಡಿ ಜಾರಿಗೆ ಬಂದ 1974ರ ಮಾರ್ಚ್ ಮುಖ್ಯ. ಮೀಸಲಾತಿ ಅಂದರೆ ಹಾವನೂರು ಆಯೋಗದ ವರದಿ ಬಂದ 1975. ಭಾಷೆಯ ರಾಜಕೀಯ ಅಂದರೆ ಗೋಕಾಕ್ ವರದಿ, 1982ರ ಚಳವಳಿ, ಅದರ ಮುಂದೆ ನಿಂತ ರಾಜ್‌ಕುಮಾರ್. ಮನೆಯೊಳಗಿನ ಸಂಜೆ ಹೇಗೆ ಬದಲಾಯಿತು ಅನ್ನುವುದಾದರೆ ಉದಯ ಟಿವಿ ಬಂದ 1994. ಎಲ್ಲರೂ 1991ರ ಉದಾರೀಕರಣದಿಂದಲೇ ಶುರುಮಾಡುತ್ತಾರೆ, ಅದು ಅಭ್ಯಾಸವಾಗಿಬಿಟ್ಟಿದೆ. ನಿಮ್ಮ ವಿಷಯಕ್ಕೆ ಅದು ನಿಜವಾಗಿಯೂ ಹೊಂದುತ್ತದಾ ಅಂತ ಒಮ್ಮೆ ಕೇಳಿಕೊಳ್ಳಿ.

ನಾನು ಬಿ.ಕಾಂ. ಮಾಡಿದ್ದೀನಿ. ಸೇರಬಹುದಾ?

ಬಹುತೇಕ ಕಡೆ ಯಾವ ಡಿಗ್ರಿಯಾದರೂ ನಡೆಯುತ್ತದೆ. ಬಿ.ಕಾಂ. ಓದಿದವರಿಗೆ ಲೆಕ್ಕದ ಪುಸ್ತಕ ಓದಲು ಬರುತ್ತದೆ, ಸಾಹಿತ್ಯ ಓದಿದ ಎಷ್ಟೋ ಜನಕ್ಕೆ ಬರುವುದಿಲ್ಲ. ಟೆಂಟಿನ ಹಳೆಯ ಖರ್ಚುವೆಚ್ಚದ ಖಾತೆ ಸಿಕ್ಕಾಗ ನನಗೆ ಬಿ.ಕಾಂ. ಗೆಳತಿಯೇ ಕೂತು ಬಿಡಿಸಿ ಹೇಳಿದ್ದು.

ಎಲ್ಲೆಲ್ಲಿ ಓದಬಹುದು?

ಹೆಸರಿನ ಹಿಂದೆ ಹೋಗಬೇಡಿ. ಒಂದೊಂದು ಕಡೆ ಒಂದೊಂದು ಹೆಸರಿನಲ್ಲಿ ಇದೇ ಓದು ಇರುತ್ತದೆ.

ಮುಂಬೈನ ಟಾಟಾ ಸಮಾಜ ವಿಜ್ಞಾನ ಸಂಸ್ಥೆ, ಅಂದರೆ ಟಿಸ್‌ನಲ್ಲಿ ಮೀಡಿಯಾ ಅಂಡ್ ಕಲ್ಚರಲ್ ಸ್ಟಡೀಸ್ ಎಂ.ಎ. ಇದೆ. ಬರೆಯುವುದರ ಜೊತೆ ಸಾಕ್ಷ್ಯಚಿತ್ರ ಮಾಡುವುದನ್ನೂ ಕಲಿಸುತ್ತಾರೆ. ದಿಲ್ಲಿಯ ಜೆ.ಎನ್.ಯು.ನಲ್ಲಿ ಸ್ಕೂಲ್ ಆಫ್ ಆರ್ಟ್ಸ್ ಅಂಡ್ ಏಸ್ಥೆಟಿಕ್ಸ್ ಇದೆ, ಚಿತ್ರಕಲೆ, ರಂಗಭೂಮಿ, ಸಿನಿಮಾ ಮೂರನ್ನೂ ಒಂದೇ ಸೂರಿನಡಿ ಓದಬಹುದು. ಹೈದರಾಬಾದಿನ ಇಂಗ್ಲಿಷ್ ಮತ್ತು ವಿದೇಶಿ ಭಾಷೆಗಳ ವಿಶ್ವವಿದ್ಯಾಲಯ, ಅಂದರೆ ಇಫ್ಲುನಲ್ಲಿ ಕಲ್ಚರಲ್ ಸ್ಟಡೀಸ್ ವಿಭಾಗ ಇದೆ, ನಮ್ಮ ಕಡೆಯವರಿಗೆ ಹತ್ತಿರ. ಕೋಲ್ಕತ್ತಾದಲ್ಲಿ 1973ರಲ್ಲಿ ಶುರುವಾದ ಸೆಂಟರ್ ಫಾರ್ ಸ್ಟಡೀಸ್ ಇನ್ ಸೋಷಿಯಲ್ ಸೈನ್ಸಸ್ ಇದೆ. ಜಾಧವಪುರದಲ್ಲಿ ಫಿಲ್ಮ್ ಸ್ಟಡೀಸ್ ಇದೆ.

ಕರ್ನಾಟಕದಲ್ಲಿ ನನ್ನ ಮೊದಲ ಹೆಸರು ಹಂಪಿಯ ಕನ್ನಡ ವಿಶ್ವವಿದ್ಯಾಲಯ. 1991ರಲ್ಲಿ ಶುರುವಾಗಿದ್ದು, ಚಂದ್ರಶೇಖರ ಕಂಬಾರರು ಮೊದಲ ಕುಲಪತಿ. ಸಂಶೋಧನೆಗೇ ಅಂತ ಕಟ್ಟಿದ್ದು. ಬುಡಕಟ್ಟು ಅಧ್ಯಯನ, ಮಹಿಳಾ ಅಧ್ಯಯನ, ಅಭಿವೃದ್ಧಿ ಅಧ್ಯಯನ, ದ್ರಾವಿಡ ಸಂಸ್ಕೃತಿ ಅಧ್ಯಯನ, ಹೀಗೆ ವಿಭಾಗಗಳ ಹೆಸರಲ್ಲೇ ಅಂತರಶಿಸ್ತು ಇದೆ. ಅಲ್ಲಿ ನೀವು ಕನ್ನಡದಲ್ಲೇ ಪೂರ್ತಿ ಪಿಎಚ್.ಡಿ. ಬರೆಯಬಹುದು. ಶಿಗ್ಗಾವಿ ತಾಲ್ಲೂಕಿನ ಗೊಟಗೋಡಿಯಲ್ಲಿ ಜಾನಪದ ವಿಶ್ವವಿದ್ಯಾಲಯ ಇದೆ.

ಕೋರ್ಸು, ಸೀಟು, ಪ್ರವೇಶ ಪರೀಕ್ಷೆ ವರ್ಷ ವರ್ಷ ಬದಲಾಗುತ್ತವೆ. 2022ರಿಂದ ಸಿ.ಯು.ಇ.ಟಿ. ಪಿ.ಜಿ. ಅನ್ನುವ ಸಾಮಾನ್ಯ ಪ್ರವೇಶ ಪರೀಕ್ಷೆ ಬಂದಿದೆ, ಜೆ.ಎನ್.ಯು. ಥರದ ಕೇಂದ್ರೀಯ ವಿಶ್ವವಿದ್ಯಾಲಯಗಳಿಗೆ ಅದನ್ನು ಬರೆಯಬೇಕು. ಅರ್ಜಿ ಹಾಕುವ ಮೊದಲು ಆಯಾ ಸಂಸ್ಥೆಯ ಆ ವರ್ಷದ ಪ್ರಕಟಣೆಯನ್ನೇ ನೋಡಿ.

ನನಗೆ ಇಂಗ್ಲಿಷ್ ಅಷ್ಟಾಗಿ ಬರಲ್ಲ. ಕನ್ನಡ ಮೀಡಿಯಂ.

ಜಾಸ್ತಿ ಬರುವ ಪ್ರಶ್ನೆ ಇದೇ. ಕೆಲವರು ರಾತ್ರಿ ಹನ್ನೊಂದಕ್ಕೆ ಮೆಸೇಜ್ ಮಾಡಿ ಆಮೇಲೆ ಡಿಲೀಟ್ ಮಾಡುತ್ತಾರೆ. ದಯವಿಟ್ಟು ನಾಚಿಕೆ ಬೇಡ.

ಕಷ್ಟ ಇದೆ, ಇಲ್ಲ ಅನ್ನುವುದಿಲ್ಲ. ನಾನು ಮೊದಲ ಸೆಮಿಸ್ಟರಿನಲ್ಲಿ ಇಪ್ಪತ್ತು ಪುಟದ ಒಂದು ಲೇಖನ ಓದಲು ನಾಲ್ಕು ದಿನ ತಗೊಳ್ಳುತ್ತಿದ್ದೆ. ಕ್ಲಾಸಿನಲ್ಲಿ ಬಾಯಿ ಬಿಡಲು ಎರಡು ತಿಂಗಳು ಹಿಡಿಯಿತು. ಒಬ್ಬ ಮೇಷ್ಟ್ರು ನನ್ನ ಮೊದಲ ಅಸೈನ್‌ಮೆಂಟ್ ವಾಪಸ್ ಕೊಡುತ್ತಾ ಮೊದಲು ಭಾಷೆ ಸರಿಮಾಡಿಕೊಂಡು ಬಾ ಅಂದರು. ಅವತ್ತು ಹಾಸ್ಟೆಲ್ಲಿಗೆ ಬಂದು ಅತ್ತಿದ್ದೇನೆ. ಇನ್ನೊಬ್ಬ ಮೇಡಂ ಕನ್ನಡದಲ್ಲಿ ಬರೆದುಕೊಂಡು ಬಾ, ಜೊತೆಗೆ ಕೂತು ಇಂಗ್ಲಿಷ್ ಮಾಡೋಣ ಅಂದರು. ಅವರಿಂದಲೇ ನಾನು ಉಳಿದುಕೊಂಡೆ.

ಆದರೆ ಎರಡನೇ ವರ್ಷ ಫೀಲ್ಡಿಗೆ ಇಳಿದಾಗ ಲೆಕ್ಕ ತಿರುಗಿಬಿತ್ತು. ಇಂಗ್ಲಿಷ್ ಚೆನ್ನಾಗಿ ಬರುತ್ತಿದ್ದವರಿಗೆ 1960ರ ಕನ್ನಡ ಪೇಪರ್ ಓದಲು ಬರುತ್ತಿರಲಿಲ್ಲ. ಕೈಬರಹದ ಕಂದಾಯ ಪತ್ರ ಓದಲು ಬರುತ್ತಿರಲಿಲ್ಲ. ಗೇಟ್‌ಕೀಪರ್ ತಾತ ಒಂದು ಗಾದೆ ಹೇಳಿ ಸುಮ್ಮನಾದಾಗ ಅವರು ಏನು ನುಂಗಿಕೊಂಡರು ಅಂತ ಗೊತ್ತಾಗುತ್ತಿರಲಿಲ್ಲ. ಕರ್ನಾಟಕದ ಈಚಿನ ಇತಿಹಾಸದ ಆಕರ, ಅಂದರೆ ಮೂಲ ಸಾಮಗ್ರಿ, ಬಹುಪಾಲು ಕನ್ನಡದಲ್ಲಿದೆ, ತುಳು, ಕೊಂಕಣಿ, ಉರ್ದು, ತಮಿಳು, ತೆಲುಗು, ಮರಾಠಿಯಲ್ಲಿದೆ. ಮನೆಯಲ್ಲಿ ಎರಡು ಭಾಷೆ, ಬೀದಿಯಲ್ಲಿ ಮೂರನೆಯದು ಮಾತಾಡಿ ಬೆಳೆದವರ ಕೈಯಲ್ಲಿ ಬೇರೆಯವರು ಹತ್ತು ವರ್ಷ ಕಲಿತರೂ ಸಿಗದ ಸಾಧನ ಇದೆ.

ಹಾಗಾಗಿ ನನ್ನ ಸಲಹೆ: ಇಂಗ್ಲಿಷ್ ಓದುವುದನ್ನು ಬಿಡದೆ ಕಲಿಯಿರಿ, ದಿನಕ್ಕೆ ಎರಡು ಪುಟ ಸಾಕು. ಮಾತಾಡುವ ಇಂಗ್ಲಿಷ್ ತಾನಾಗಿ ಬರುತ್ತದೆ. ಕನ್ನಡದಲ್ಲಿ ಬರೆಯುವುದನ್ನು ಮಾತ್ರ ನಿಲ್ಲಿಸಬೇಡಿ.

ಥಿಯರಿ ಓದಲೇಬೇಕಾ? ಅರ್ಥ ಆಗಲ್ಲ.

ಓದಬೇಕು. ಮೊದಲ ಸಲ ಯಾರಿಗೂ ಅರ್ಥ ಆಗುವುದಿಲ್ಲ, ಆಯಿತು ಅನ್ನುವವರನ್ನು ಸುಮ್ನೆ ನಂಬಬೇಡಿ. ಒಂದು ಲೇಖನ ಓದಿದ ಮೇಲೆ ಅದರ ಮುಖ್ಯ ಮಾತನ್ನು ನಿಮ್ಮ ತಂಗಿಗೋ ತಮ್ಮನಿಗೋ ಕನ್ನಡದಲ್ಲಿ ಐದು ವಾಕ್ಯದಲ್ಲಿ ಹೇಳಿ ನೋಡಿ. ಹೇಳಲು ಬಂದರೆ ಅರ್ಥವಾಗಿದೆ ಅಂತ. ನಿಮ್ಮ ಸಾಮಗ್ರಿಯಲ್ಲಿ ಕಾಣದಿದ್ದ ಏನನ್ನಾದರೂ ಥಿಯರಿ ತೋರಿಸಿಕೊಟ್ಟರೆ ಮಾತ್ರ ಅದನ್ನು ಬರಹಕ್ಕೆ ತನ್ನಿ. ದೊಡ್ಡ ಹೆಸರು ಉದುರಿಸಲು ತರಬೇಡಿ.

ಆಕರ ಎಲ್ಲಿ ಹುಡುಕೋದು? ಗೂಗಲ್ ಮಾಡಿದರೆ ಏನೂ ಸಿಗಲ್ಲ.

ಸಿಗುವುದಿಲ್ಲ, ಯಾಕೆಂದರೆ ಹೆಚ್ಚಿನದು ಇನ್ನೂ ಕಾಗದದಲ್ಲೇ ಇದೆ. ವಿಧಾನಸೌಧದಲ್ಲಿ ರಾಜ್ಯ ಪತ್ರಾಗಾರ ಇದೆ, ಮೈಸೂರಿನಲ್ಲಿ ವಿಭಾಗೀಯ ಪತ್ರಾಗಾರ ಇದೆ. ವಿಭಾಗದ ಮುಖ್ಯಸ್ಥರ ಪತ್ರ, ಗುರುತಿನ ಚೀಟಿ ತಗೊಂಡು ಹೋಗಿ. ಮೊದಲ ದಿನವೇ ಫೈಲ್ ಕೈಗೆ ಬರುತ್ತದೆ ಅಂದುಕೊಳ್ಳಬೇಡಿ. ಅಲ್ಲಿನ ಸಿಬ್ಬಂದಿಯ ಹತ್ತಿರ ವಿಷಯ ಬಿಡಿಸಿ ಹೇಳಿ, ಯಾವ ಕಟ್ಟಿನಲ್ಲಿ ಏನಿದೆ ಅಂತ ಕ್ಯಾಟಲಾಗಿಗಿಂತ ಅವರಿಗೇ ಚೆನ್ನಾಗಿ ಗೊತ್ತು.

ಧಾರವಾಡದಲ್ಲಿ 1890ರ ಕರ್ನಾಟಕ ವಿದ್ಯಾವರ್ಧಕ ಸಂಘ, ಬೆಂಗಳೂರಿನಲ್ಲಿ 1909ರ ಮಿಥಿಕ್ ಸೊಸೈಟಿ, 1915ರ ಕನ್ನಡ ಸಾಹಿತ್ಯ ಪರಿಷತ್ತು ಇವೆ. ಮಂಗಳೂರಿನ ಕರ್ನಾಟಕ ಥಿಯೊಲಾಜಿಕಲ್ ಕಾಲೇಜಿನ ಪತ್ರಾಗಾರದಲ್ಲಿ ಬಾಸೆಲ್ ಮಿಷನ್ ಅನ್ನುವ ಕ್ರೈಸ್ತ ಮಿಷನರಿ ಸಂಸ್ಥೆಯ ದಾಖಲೆಗಳಿವೆ. ಕನ್ನಡದ ಮೊದಲ ಪತ್ರಿಕೆ 'ಮಂಗಳೂರ ಸಮಾಚಾರ' 1843ರಲ್ಲಿ ಆ ಮಿಷನ್ನಿನ ಹರ್ಮನ್ ಮೋಗ್ಲಿಂಗ್ ಕೈಯಲ್ಲಿ ಶುರುವಾಗಿದ್ದು ಅದೇ ಊರಿನಲ್ಲಿ ತಾನೆ. ವಿಜ್ಞಾನದ ಇತಿಹಾಸ ಬೇಕಾದರೆ ಬೆಂಗಳೂರಿನ ಜೀವವಿಜ್ಞಾನ ಸಂಶೋಧನಾ ಸಂಸ್ಥೆ ಎನ್.ಸಿ.ಬಿ.ಎಸ್. ಆವರಣದಲ್ಲಿ 2019ರಲ್ಲಿ ತೆರೆದ ಪತ್ರಾಗಾರ ಇದೆ, ಎಲ್ಲರಿಗೂ ಮುಕ್ತ. ಆರ್ಕೈವ್ ಡಾಟ್ ಆರ್ಗ್‌ನಲ್ಲಿ ಸ್ಕ್ಯಾನ್ ಮಾಡಿದ ಸಾವಿರಾರು ಕನ್ನಡ ಪುಸ್ತಕಗಳು ಪುಕ್ಕಟೆ ಸಿಗುತ್ತವೆ, ಕನ್ನಡ ಲಿಪಿಯಲ್ಲೂ ಇಂಗ್ಲಿಷ್ ಲಿಪಿಯಲ್ಲೂ ಎರಡು ಥರ ಹುಡುಕಿ.

ಇವೆಲ್ಲಕ್ಕಿಂತ ಹೆಚ್ಚು ಸಿಗುವುದು ಮನೆಗಳಲ್ಲಿ. ಟ್ರಂಕಿನಲ್ಲಿ, ಅಟ್ಟದ ಮೇಲೆ, ಸೊಸೈಟಿ ಆಫೀಸಿನ ಬೀರುವಿನಲ್ಲಿ. ಶಾಲೆಯ ದಾಖಲಾತಿ ಪುಸ್ತಕ, ಹಾಲಿನ ಡೈರಿಯ ನಡವಳಿ ಪುಸ್ತಕ, ಮದುವೆ ಫೋಟೋ ಆಲ್ಬಂ, ಯೂನಿಯನ್ ಕರಪತ್ರ. ಒಬ್ಬ ಟೆಂಟ್ ಮಾಲೀಕರ ಮನೆಯಲ್ಲಿ ಹದಿನಾಲ್ಕು ವರ್ಷದ ಕಲೆಕ್ಷನ್ ಪುಸ್ತಕ ಇತ್ತು. ಮುಂದಿನ ತಿಂಗಳು ಕ್ಯಾಮೆರಾ ತಂದು ಫೋಟೋ ತೆಗೆಯುತ್ತೇನೆ ಅಂತ ಹೇಳಿ ಬಂದೆ. ಹೋಗುವಷ್ಟರಲ್ಲಿ ಮನೆಗೆ ಸುಣ್ಣಬಣ್ಣ ಹೊಡೆಸಿ ಎಲ್ಲವನ್ನೂ ಗುಜರಿಗೆ ಹಾಕಿದ್ದರು. ಅವರ ತಪ್ಪಿಲ್ಲ, ತಪ್ಪು ನನ್ನದು. ಫೋನಿನಲ್ಲೇ ಆದರೂ ಸರಿ, ಕಂಡ ದಿನವೇ ಫೋಟೋ ತೆಗೆಯಿರಿ.

ನಮ್ಮಜ್ಜಿ ಹತ್ತಿರ ಮಾತಾಡಿ ಬರೆದರೆ ಅದು ಸಂಶೋಧನೆ ಆಗುತ್ತಾ?

ಆಗುತ್ತದೆ, ಮೌಖಿಕ ಇತಿಹಾಸ ಅನ್ನುವುದು ಅದೇ. ಆದರೆ ಕೆಲವು ನಿಯಮ ಇವೆ. ರೆಕಾರ್ಡ್ ಮಾಡುತ್ತಿದ್ದೇನೆ ಅಂತ ಹೇಳಿ, ಯಾಕೆ ಅಂತಲೂ ಹೇಳಿ. ಬೇಡ ಅಂದರೆ ಫೋನ್ ಒಳಗಿಡಿ. ಹೆಸರು ಹಾಕಬಹುದಾ ಅಂತ ಕೇಳಿ. ಅಜ್ಜಿ ವರ್ಷ ತಪ್ಪು ಹೇಳಿದರೆ ತಿದ್ದಬೇಡಿ, ಹಾಗೇ ಬರೆದುಕೊಳ್ಳಿ. ತುರ್ತು ಪರಿಸ್ಥಿತಿ ಬಂದಿದ್ದು 1975ರಲ್ಲಿ, ಅಜ್ಜಿ ನಿಮ್ಮಪ್ಪ ಹುಟ್ಟಿದ ವರ್ಷ ಅನ್ನುತ್ತಾರೆ ಅಂದರೆ, ಆ ಎರಡು ಸಂಗತಿ ಅವರ ಮನಸ್ಸಿನಲ್ಲಿ ಯಾಕೆ ಅಂಟಿಕೊಂಡಿವೆ ಅನ್ನುವುದೂ ಒಂದು ಆಕರವೇ.

ನೀವು ಯಾವ ಜಾತಿ, ಯಾರ ಮನೆಯವರು ಅಂತ ನೋಡಿಯೇ ಜನ ನಿಮ್ಮ ಹತ್ತಿರ ಮಾತಾಡುತ್ತಾರೆ. ಇದನ್ನು ಮರೆಮಾಚಿ ಬರೆಯಬೇಡಿ. ನನ್ನನ್ನು ಕುರ್ಚಿ ಟಿಕೆಟ್ಟಿನವರು ಒಳಗೆ ಕರೆದು ಕಾಫಿ ಕೊಟ್ಟರು, ನೆಲದ ಟಿಕೆಟ್ಟಿನವರು ಮೂರು ತಿಂಗಳು ಏನೂ ಹೇಳಲಿಲ್ಲ. ಪ್ರಬಂಧದಲ್ಲಿ ಅದನ್ನೇ ಒಂದು ಅಧ್ಯಾಯ ಮಾಡಿದೆ.

ಮೈಸೂರಿನ ಸಮಾಜಶಾಸ್ತ್ರಜ್ಞ ಎಂ.ಎನ್. ಶ್ರೀನಿವಾಸ್ 1948ರಲ್ಲಿ ಮೈಸೂರು ಸೀಮೆಯ ಒಂದು ಹಳ್ಳಿಯಲ್ಲಿದ್ದು ಕ್ಷೇತ್ರಕಾರ್ಯ ಮಾಡಿದರು, ಊರಿಗೆ ರಾಂಪುರ ಅಂತ ಹೆಸರು ಬದಲಿಸಿ ಬರೆದರು. 1970ರಲ್ಲಿ ಅವರು ಸ್ಟ್ಯಾನ್‌ಫರ್ಡಿನಲ್ಲಿದ್ದಾಗ ಯಾರೋ ಹಚ್ಚಿದ ಬೆಂಕಿಯಲ್ಲಿ, ವರ್ಷಗಟ್ಟಲೆ ಕೂತು ಸಿದ್ಧಪಡಿಸಿದ್ದ ಟಿಪ್ಪಣಿಯ ಮೂರು ಪ್ರತಿಯೂ ಸುಟ್ಟುಹೋದವು. ಆಮೇಲೆ ಅವರು ನೆನಪಿನಿಂದಲೇ ಆ ಊರನ್ನು ಬರೆದರು. ಮೂರು ಪ್ರತಿ ಒಂದೇ ಕಟ್ಟಡದಲ್ಲಿದ್ದವು ಅನ್ನುವುದನ್ನು ನೆನಪಿಟ್ಟುಕೊಳ್ಳಿ. ನಿಮ್ಮದು ಒಂದು ಡ್ರೈವಿನಲ್ಲಿ, ಒಂದು ಮನೆಯಲ್ಲಿ, ಒಂದು ಗೈಡ್ ಹತ್ತಿರ ಇರಲಿ.

ವಿಷಯ ಹೇಗೆ ಆರಿಸಿಕೊಳ್ಳೋದು? ಅರ್ಜಿ ಜೊತೆ ಒಂದು ಪುಟ ಬರೆಯಿರಿ ಅಂತಾರೆ.

ಹೆಚ್ಚಿನವರು "ಜಾಗತೀಕರಣ ಮತ್ತು ಸಂಸ್ಕೃತಿ" ಅಂತ ಬರೆದು ಕಳಿಸುತ್ತಾರೆ. ಅದರಲ್ಲಿ ಹಿಡಿಯಲು ಏನೂ ಇಲ್ಲ. ಒಂದು ಜಾಗ, ಒಂದು ವಸ್ತು, ಒಂದು ಜನ, ಒಂದು ಕಾಲ ಇರಲಿ. ಇಳಕಲ್ಲಿನ ಕೈಮಗ್ಗ ಬಿಟ್ಟು ಪವರ್‌ಲೂಮಿಗೆ ಹೋದ ಮನೆಗಳು. ಮಂಗಳೂರಿನ ಹೆಂಚಿನ ಕಾರ್ಖಾನೆ ಮುಚ್ಚಿದ ಮೇಲೆ ಅಲ್ಲಿದ್ದ ಹೆಂಗಸರು. ವೃತ್ತಿ ನಾಟಕ ಕಂಪನಿಯ ಜಾತ್ರೆ ಕ್ಯಾಂಪು ಮತ್ತು ಯೂಟ್ಯೂಬು. ಬೆಂಗಳೂರಿನ ಗಾರ್ಮೆಂಟ್ಸ್ ಬಸ್ ನಿಲ್ದಾಣದಲ್ಲಿ ಬೆಳಗ್ಗೆ ಕೇಳುವ ಹಾಡು. ನಿಮಗೆ ಮಾತ್ರ ಗೊತ್ತಿರುವ ಒಂದು ವಿವರದಿಂದ ಆ ಪುಟ ಶುರುವಾದರೆ ಸಂದರ್ಶನದಲ್ಲಿ ಅವರೇ ನಿಮ್ಮನ್ನು ಮಾತಾಡಿಸುತ್ತಾರೆ.

ಖರ್ಚು, ಸ್ಕಾಲರ್‌ಶಿಪ್?

ಸರ್ಕಾರಿ ವಿಶ್ವವಿದ್ಯಾಲಯದಲ್ಲಿ ಫೀಸು ಕಡಿಮೆ, ಖಾಸಗಿಯಲ್ಲಿ ಬಹಳ ಜಾಸ್ತಿ. ಈ ಓದಿಗೆ ದೊಡ್ಡ ಸಾಲ ಮಾಡಬೇಡಿ, ಇದನ್ನು ಅಕ್ಕನ ಹಾಗೆ ಹೇಳುತ್ತಿದ್ದೇನೆ. ರಾಜ್ಯದ ವಿದ್ಯಾರ್ಥಿವೇತನಗಳಿಗೆ ಎಸ್.ಎಸ್.ಪಿ. ಪೋರ್ಟಲ್ಲಿನಲ್ಲಿ ಅರ್ಜಿ ಹಾಕಿ, ಜಾತಿ ಆದಾಯ ಪ್ರಮಾಣಪತ್ರ ಮೊದಲೇ ಮಾಡಿಸಿಟ್ಟುಕೊಳ್ಳಿ. ಪಿಎಚ್.ಡಿ.ಗೆ ಬಂದಾಗ ನೆಟ್ ಅನ್ನುವ ರಾಷ್ಟ್ರೀಯ ಅರ್ಹತಾ ಪರೀಕ್ಷೆಯ ಮೂಲಕ ಕೊಡುವ ಜೆ.ಆರ್.ಎಫ್. ಫೆಲೋಶಿಪ್ ಸಿಕ್ಕರೆ ನಿರಾಳ. 2023ರಿಂದ ಮೊದಲ ಎರಡು ವರ್ಷ ತಿಂಗಳಿಗೆ 37,000, ಆಮೇಲೆ 42,000 ರೂಪಾಯಿ.

ನೆಟ್ ಯಾವ ವಿಷಯದಲ್ಲಿ ಬರೆಯೋದು? ಕೆಲಸ ಸಿಗುತ್ತಾ?

ಇದನ್ನು ಸೇರುವ ಮೊದಲೇ ಯೋಚಿಸಿ, ಯಾಕೆಂದರೆ ಇಲ್ಲೇ ಹುಡುಗರು ಏಟು ತಿನ್ನುತ್ತಾರೆ. ನೆಟ್‌ನಲ್ಲಿ ಕಲ್ಚರಲ್ ಸ್ಟಡೀಸ್ ಅಂತ ಬೇರೆ ಪೇಪರ್ ಇಲ್ಲ. ಇತಿಹಾಸ, ಸಮಾಜಶಾಸ್ತ್ರ, ಕನ್ನಡ, ಇಂಗ್ಲಿಷ್, ಪತ್ರಿಕೋದ್ಯಮ, ಮಹಿಳಾ ಅಧ್ಯಯನ, ಜಾನಪದ, ತೌಲನಿಕ ಸಾಹಿತ್ಯ, ಇವುಗಳಲ್ಲಿ ಹತ್ತಿರದ್ದನ್ನು ಆರಿಸಿಕೊಳ್ಳಬೇಕು. ಸಾಮಾನ್ಯ ವರ್ಗಕ್ಕೆ ಎಂ.ಎ.ಯಲ್ಲಿ ಶೇ. 55, ಮೀಸಲಾತಿ ಇರುವವರಿಗೆ ಶೇ. 50 ಬೇಕು. ಸರ್ಕಾರಿ ಕಾಲೇಜಿನ ಹುದ್ದೆಗೆ ಕರೆದಾಗ "ಸಂಬಂಧಪಟ್ಟ ವಿಷಯದಲ್ಲಿ ಸ್ನಾತಕೋತ್ತರ ಪದವಿ" ಅಂತ ಕೇಳುತ್ತಾರೆ. ನಿಮ್ಮ ಅಂಕಪಟ್ಟಿಯಲ್ಲಿ ಇತಿಹಾಸ ಅನ್ನುವ ಪದವೇ ಇಲ್ಲದಿದ್ದರೆ ಕೌಂಟರಿನಲ್ಲೇ ತಡೆಯಬಹುದು. ನನ್ನ ಗೆಳೆಯನೊಬ್ಬನಿಗೆ ಹೀಗಾಯಿತು, ಪಿಎಚ್.ಡಿ. ಇದ್ದೂ ಮತ್ತೆ ದೂರಶಿಕ್ಷಣದಲ್ಲಿ ಇತಿಹಾಸ ಎಂ.ಎ. ಮಾಡಿದ. ಮೇಷ್ಟ್ರಾಗಲೇಬೇಕು ಅಂತಿದ್ದರೆ ಮೊದಲು ಹಳೆಯ ಹೆಸರಿನ ವಿಷಯದಲ್ಲೇ ಎಂ.ಎ. ಮಾಡಿ, ಪಿಎಚ್.ಡಿ.ಯಲ್ಲಿ ಅಂತರಶಿಸ್ತಿಗೆ ಬನ್ನಿ. ಇದು ಸುರಕ್ಷಿತ ದಾರಿ.

ಮೇಷ್ಟ್ರ ಕೆಲಸ ಬಿಟ್ಟರೆ ಪತ್ರಾಗಾರ, ಮ್ಯೂಸಿಯಂ, ಪತ್ರಿಕೆ, ಪ್ರಕಾಶನ, ಅನುವಾದ, ಸಾಕ್ಷ್ಯಚಿತ್ರದ ಸಂಶೋಧನೆ, ಸ್ವಯಂಸೇವಾ ಸಂಸ್ಥೆಗಳ ಅಧ್ಯಯನ ತಂಡಗಳು ಇವೆ. ನನ್ನ ಜೊತೆ ಓದಿದವರು ಈ ಎಲ್ಲ ಕಡೆ ಇದ್ದಾರೆ. ಸಂಬಳ ಸಾಫ್ಟ್‌ವೇರಿನಷ್ಟು ಇಲ್ಲ, ಮೊದಲ ಎರಡು ಮೂರು ವರ್ಷ ಬಿಗಿ. ಮನೆಯಲ್ಲಿ ನಿಮ್ಮ ಸಂಬಳವನ್ನೇ ಕಾಯುತ್ತಿದ್ದಾರೆ ಅಂದರೆ ಮೊದಲು ಒಂದು ಕೆಲಸ ಹಿಡಿದು ಆಮೇಲೆ ಬನ್ನಿ. ಮೂವತ್ತಕ್ಕೆ ಬಂದು ಸೇರಿದವರೂ ಇದ್ದಾರೆ, ತಡವೇನಲ್ಲ. ಜೆ.ಆರ್.ಎಫ್.ಗೆ ಮಾತ್ರ ವಯಸ್ಸಿನ ಮಿತಿ ಇದೆ, ಅದನ್ನು ನೋಡಿಕೊಳ್ಳಿ.

ಎಂ.ಫಿಲ್. ಮಾಡಬಹುದಾ?

ಇಲ್ಲ. ಯು.ಜಿ.ಸಿ. 2022ರ ನಿಯಮದಲ್ಲಿ ಅದನ್ನು ನಿಲ್ಲಿಸಿದೆ. ಯಾರಾದರೂ ಈಗಲೂ ಎಂ.ಫಿಲ್. ಕೊಡುತ್ತೇವೆ ಅಂದರೆ ದುಡ್ಡು ಕಟ್ಟಬೇಡಿ.

ವಿದೇಶಕ್ಕೆ ಹೋಗೋದು ಒಳ್ಳೆಯದಾ?

ಕನ್ನಡದ ಆಕರ ಅಲ್ಲೂ ಇದೆ. ಸ್ವಿಟ್ಜರ್‌ಲೆಂಡಿನ ಬಾಸೆಲ್‌ನಲ್ಲಿ ಮಿಷನ್ನಿನ ಪತ್ರಾಗಾರ ಇದೆ, ಕರಾವಳಿಯ ಮತ್ತು ಧಾರವಾಡ ಸೀಮೆಯ ಹಳೆಯ ಫೋಟೋ, ವರದಿಗಳು ಅಲ್ಲಿವೆ. ಜರ್ಮನಿಯ ಹೈಡೆಲ್‌ಬರ್ಗ್‌ನಲ್ಲಿ ದಕ್ಷಿಣ ಏಷ್ಯಾ ಸಂಸ್ಥೆಯೂ ಟ್ರಾನ್ಸ್‌ಕಲ್ಚರಲ್ ಸ್ಟಡೀಸ್ ಎಂ.ಎ.ಯೂ ಇವೆ. ಆ ಊರು ಇರುವ ರಾಜ್ಯದಲ್ಲಿ ಯುರೋಪಿನ ಹೊರಗಿನವರಿಗೆ ಸೆಮಿಸ್ಟರಿಗೆ 1,500 ಯೂರೋ ಫೀಸು ಉಂಟು. ಗಾಟಿಂಗನ್‌ನಲ್ಲಿ ಆಧುನಿಕ ಭಾರತ ಅಧ್ಯಯನ ಕೇಂದ್ರ ಇದೆ.

ಒಂದು ವಿಷಯ ಬೇಸರದಿಂದಲೇ ಹೇಳಬೇಕು. ಪರಿಶಿಷ್ಟ ಜಾತಿಯ ವಿದ್ಯಾರ್ಥಿಗಳು ಹೊರದೇಶಕ್ಕೆ ಹೋಗಲು ಕೇಂದ್ರ ಸರ್ಕಾರ ಕೊಡುವ ನ್ಯಾಷನಲ್ ಓವರ್‌ಸೀಸ್ ಸ್ಕಾಲರ್‌ಶಿಪ್ಪಿಗೆ 2022ರಲ್ಲಿ ಒಂದು ನಿಯಮ ಸೇರಿಸಿದರು. ಭಾರತದ ಸಂಸ್ಕೃತಿ, ಪರಂಪರೆ, ಇತಿಹಾಸ, ಭಾರತದ ಸಮಾಜದ ಅಧ್ಯಯನ, ಇಂಥ ವಿಷಯಗಳಿಗೆ ಅದು ಸಿಗುವುದಿಲ್ಲ. ತಮ್ಮ ಸಮಾಜದ ಬಗ್ಗೆ ತಾವೇ ಬರೆಯಲು ಹೊರಟ ಮಕ್ಕಳಿಗೆ ಬಾಗಿಲು ಹಾಕಿದ ಹಾಗೆ ಇದು. ಅರ್ಜಿ ಹಾಕುವ ವರ್ಷ ನಿಯಮ ಹೇಗಿದೆ ಅಂತ ಓದಿ, ಜೊತೆಗೆ ಹೊರದೇಶದ ಓದಿಗೆ ಕರ್ನಾಟಕ ಸರ್ಕಾರದ್ದೇ ಆದ ಪ್ರಬುದ್ಧ ಯೋಜನೆಯನ್ನೂ ನೋಡಿ.

ಇನ್ನೂ ಸೀಟು ಸಿಕ್ಕಿಲ್ಲ. ಈಗಿನಿಂದಲೇ ಏನು ಮಾಡಬಹುದು?

ಜಿಲ್ಲಾ ಗ್ರಂಥಾಲಯಕ್ಕೆ ಹೋಗಿ, ಹಳೆಯ ಪೇಪರಿನ ಬೈಂಡು ಕೇಳಿ. ಯಾವುದಾದರೂ ಒಂದು ತಿಂಗಳು ಸಾಕು, 1982ರದ್ದು ಸಿಕ್ಕರೆ ಇನ್ನೂ ಒಳ್ಳೆಯದು. ಸುದ್ದಿ ಬಿಟ್ಟು ಜಾಹೀರಾತು ಮಾತ್ರ ಓದಿ: ಏನು ಮಾರುತ್ತಿದ್ದರು, ಯಾರಿಗೆ, ಎಷ್ಟಕ್ಕೆ, ಯಾವ ಮಾತಿನಲ್ಲಿ. ಆಮೇಲೆ ನಿಮ್ಮ ಬೀದಿಯಲ್ಲಿ ಎಪ್ಪತ್ತು ದಾಟಿದವರ ಹತ್ತಿರ ಹೋಗಿ ಅದರಲ್ಲಿ ಒಂದು ಜಾಹೀರಾತು ತೋರಿಸಿ, ಇದು ನಿಮ್ಮ ಮನೆಯಲ್ಲಿತ್ತಾ ಅಂತ ಕೇಳಿ. ಅವರು ಹೇಳಿದ್ದನ್ನು ಎರಡು ಪುಟ ಬರೆದು ಕಳಿಸಿ. ನಾನು ಓದುತ್ತೇನೆ, ಓದಿ ಖಂಡಿತ ಉತ್ತರ ಬರೆಯುತ್ತೇನೆ.